ಇನ್ನೊಂದು ಸುತ್ತು

"ಕೊಯ್ದು ಹಾಕಿಬಿಡಪ್ಪ. ಬಾಗಿಲು, ಬಾನೆಟ್ಟು, ಚಕ್ರ ಎಲ್ಲ ಬೇರೆ ಬೇರೆ ಮಾಡಿ ಗುಜರಿಗೆ ಹಾಕು. ಸೀಟು ಮಾತ್ರ ಬಿಚ್ಚಬೇಡ. ಒಂದು ಹೊಲಿಗೇನೂ ಕೀಳದೆ ಹಾಗೇ ಹೂತುಬಿಡು."

ಅಜ್ಜಿ ಇಷ್ಟು ಹೇಳುವ ಹೊತ್ತಿಗೆ ತುಕ್ಕಣ್ಣನ ಕಿವಿ ಕೆಲಸ ನಿಲ್ಲಿಸಿಯಾಗಿತ್ತು. ಅವನ ಜೀವವೆಲ್ಲ ಕಣ್ಣಿಗೆ ಬಂದು ಕೂತಿತ್ತು. ಮನೆಯ ಹಿಂದಿನ ಶೆಡ್ಡಿನಲ್ಲಿ, ಇಲಿ ಹಿಕ್ಕೆ, ಹರಿದ ಹಾಸಿಗೆ, ಮುರಿದ ಮಂಚದ ಕಾಲುಗಳ ನಡುವೆ ಉದ್ದ ಮೂತಿಯ ಒಂದು ಕಾರು ನೆಲಕ್ಕೆ ಅಂಟಿಕೊಂಡಂತೆ ಮಲಗಿತ್ತು. ಟೈರು ಕೊಳೆತಿತ್ತು, ಬಣ್ಣ ಸಿಪ್ಪೆ ಎದ್ದಿತ್ತು. ಆದರೆ ಆ ಮೈಮಾಟ ನೋಡಿದರೆ ಸಾಕು, ಗೊತ್ತಾಗುತ್ತಿತ್ತು. ಹಗಲೂ ರಾತ್ರಿ ನಿಲ್ಲದೆ ಓಡುವ ದೀರ್ಘ ರೇಸಿಗೆಂದೇ ಹುಟ್ಟಿದ ಗಾಡಿ. ಇಬ್ಬರು ಪಾಳಿಯ ಮೇಲೆ ಓಡಿಸುವಂಥದು. ಅಂಥದ್ದೊಂದನ್ನು ಎಬ್ಬಿಸಿ, ಹಳೆಯ ಗಾಡಿಗಳ ಓಟದಲ್ಲಿ ತಾನೇ ಕೂತು ಓಡಿಸಬೇಕೆಂದು ತುಕ್ಕಣ್ಣ ಮೀಸೆ ಚಿಗುರಿದಾಗಿನಿಂದ ಕನಸು ಕಂಡವನು. ಬದುಕು ಮಾತ್ರ ಅವನ ಕೈಗೆ ಕಂಡವರ ಕಾರಿನ ಸೊಟ್ಟ ಬಾಗಿಲುಗಳನ್ನೇ ಕೊಟ್ಟಿತ್ತು. ತುಕ್ಕು ಬಿಡಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆ ಹೆಸರು ಅಂಟಿದ್ದೂ ಅದಕ್ಕೇ.

"ಅಜ್ಜಿ, ಇದನ್ನ ಕೊಯ್ಯೋದಾ? ಕೊಯ್ದೋನ ಕೈ ಸೇದಿಹೋಗುತ್ತೆ" ಎಂದು ನಕ್ಕ.

ಅಜ್ಜಿ ನಗಲಿಲ್ಲ. ಶೆಡ್ಡಿನ ಹೊಸ್ತಿಲಾಚೆಗೆ ಒಂದು ಹೆಜ್ಜೆಯನ್ನೂ ಇಡದೆ, ಸೆರಗನ್ನು ಮೂಗಿಗೆ ಒತ್ತಿ ಹಿಡಿದು ಮಾತಾಡುತ್ತಿದ್ದಳು.

"ನನ್ನ ಚಿಕ್ಕ ಮಗ ಇದರೊಳಗೇ ಹೋಗಿದ್ದು. ಅವನ ಪಾಳಿ ಮುಗಿದಿತ್ತು. ಮಂಜು ಬಿದ್ದಿತ್ತು, ಆಗಲೇ ಯಾರದೋ ಗಾಡಿ ಉರುಳಿ ಹೊತ್ತಿಕೊಂಡಿತ್ತು. ಬದಲಿಗೆ ಕೂರಬೇಕಾದವನಿಗೆ ಭಯ ಬಂತು. ಗೋಡೆ ಹತ್ತಿರ ನಿಂತ್ಕೊಂಡು, ನನ್ನ ಮಗ ಬಂದಾಗೆಲ್ಲ ಒಂದು ಬೆರಳು ಎತ್ತಿ ತೋರಿಸ್ತಿದ್ದನಂತೆ. ಇನ್ನೊಂದು ಸುತ್ತು ಅಂತ. ಹೇಳಿದ ಮಾತು ಕೇಳೋ ಹುಡುಗ ಅದು. ಸುತ್ತಿದ, ಸುತ್ತಿದ. ಕೊನೆಗೆ ಎದೆ ಒಡೆದು ಹೋದ."

"ಎಂಥ ಹೇಡಿ ಅಜ್ಜಿ ಅವನು. ನಾನಾಗಿದ್ರೆ ನಿಮ್ಮ ಮಗನ್ನ ರಟ್ಟೆ ಹಿಡಿದು ಎಳೆದು ಹಾಕಿ ಕೂತ್ಕೋತಿದ್ದೆ."

ಅಜ್ಜಿ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. "ದೂರ ನಿಂತೋರಿಗೆ ಹಾಗೇ ಅನ್ಸುತ್ತೆ ಮಗಾ" ಎಂದಳು. ಆಮೇಲೆ ದನಿ ತಗ್ಗಿಸಿದಳು. "ಆ ಗಾಡಿಗೆ ಮಾಟ ಆಗಿದೆ. ಸೀಟಲ್ಲಿ ಕಟ್ಟಿಟ್ಟಿದೆ. ಈ ಮನೆ ಕೆಡವ್ತಾರಂತೆ, ಇನ್ನು ಇಟ್ಕೊಳ್ಳೋಕೆ ನನಗೆ ಜಾಗ ಇಲ್ಲ. ಕಟ್ಟು ಬಿಚ್ಚಲ್ಲ ಅಂತ ಮಾತು ಕೊಡು."

ತುಕ್ಕಣ್ಣ ಒಳಗಿನಿಂದ ಉಕ್ಕಿ ಬಂದ ನಗುವನ್ನು ಕೆಮ್ಮು ಮಾಡಿಕೊಂಡ. "ಆಗಲಿ ಅಜ್ಜಿ, ಕೊಟ್ಟೆ" ಎಂದ. ಕೊಡುವುದಕ್ಕೆ ಮಾತಿಗೇನು ಬರ? ಸಂಜೆಯೊಳಗೆ ಕಾರು ಅವನ ಗ್ಯಾರೇಜಿನಲ್ಲಿತ್ತು, ಒಂದು ಬೋಲ್ಟೂ ಕೊಯ್ಯದೆ.

ಗ್ಯಾರೇಜು ಎಂದರೆ ಮನೆಯ ಕೆಳಗಿನ ಉದ್ದನೆಯ ಕೋಣೆ. ಕಿಟಕಿಯಿಲ್ಲ. ಮುಂದೆ ಒಂದು ಶಟರು, ಹಿಂದೆ ಅಡುಗೆಮನೆಗೆ ಹತ್ತುವ ಕಿರಿದಾದ ಮೆಟ್ಟಿಲು. ಒಂದು ಮೂಲೆ ಅವನ ಹೆಂಡತಿಯದು. ಅವಳು ಕಾರಿನ ಸೀಟು ಹೊಲಿಯುವವಳು. ದಪ್ಪ ಚರ್ಮವನ್ನು ದಬ್ಬಣದಲ್ಲಿ ಚುಚ್ಚಿ ಎಳೆದೂ ಎಳೆದೂ ಅವಳ ಬೆರಳ ತುದಿ ಕಲ್ಲಾಗಿತ್ತು. ಅವನು ಬಾಯಿ, ಅವಳು ಕೈ ಎಂದು ಗಿರಾಕಿಗಳು ರೇಗಿಸುತ್ತಿದ್ದರು. ಮಕ್ಕಳಿಲ್ಲದ ಮನೆ. ಜಗಳವಾಡಿದರೆ ರಾಜಿ ಮಾಡಿಸುವವರೂ ಇಲ್ಲದ್ದರಿಂದ ಇಬ್ಬರೂ ಜಗಳವನ್ನು ಊಟದ ಹೊತ್ತಿಗೆ ತಾವೇ ಮುಗಿಸಿಕೊಳ್ಳುತ್ತಿದ್ದರು.

ಕೆಲಸ ಶುರುವಾಯಿತು. ಇಂಜಿನ್ನು ಇಳಿಯಿತು. ಒಳಗೆ ಗೋಂದಿನಂತೆ ಗಟ್ಟಿಯಾಗಿದ್ದ ಎಣ್ಣೆ ಮೂಗಿಗೆ ಬಡಿದಾಗ ಹೆಂಡತಿ ಮೆಟ್ಟಿಲ ಮೇಲೆಯೇ ನಿಂತಳು.

"ಹರಳೆಣ್ಣೆ ವಾಸನೆ."

"ಹೌದು ಮತ್ತೆ. ಆಗಿನ ರೇಸಿನ ಇಂಜಿನ್ನಿಗೆ ಅದನ್ನೇ ಹಾಕ್ತಿದ್ರು. ಹೆದರಬೇಡ, ನಿನಗೆ ಕುಡಿಸಲ್ಲ."

ಪಿಸ್ಟನ್ನು ಉಜ್ಜಿದ, ಗೇರಿನ ಹಲ್ಲು ಉಜ್ಜಿದ, ಮೈಯ ತಗಡನ್ನು ಎಮರಿ ಕಾಗದದಲ್ಲಿ ತಿಕ್ಕಿ ತಿಕ್ಕಿ ಬೆಳ್ಳಗೆ ತೆಗೆದ. ಅನ್ನ ನೀರಿನ ಪರಿವೆ ಇರಲಿಲ್ಲ. ಬೇರೆ ಗಿರಾಕಿಗಳನ್ನು ಬಾಗಿಲಿಂದಲೇ ಸಾಗಹಾಕಿದ. ಕೊನೆಗೆ ಉಳಿದದ್ದು ಸೀಟು. ಅದನ್ನು ಹೆಂಡತಿಯ ಮೇಜಿನ ಮೇಲೆ ತಂದಿಟ್ಟು, "ಬಿಚ್ಚು" ಎಂದ.

ಅವಳು ಹೊಲಿಗೆಯ ಮೇಲೆ ಬೆರಳಾಡಿಸಿ ತಟ್ಟನೆ ಕೈ ತೆಗೆದಳು. "ಇದು ದಾರ ಅಲ್ಲ ರೀ. ಕೂದಲು. ಹೆಂಗಸಿನ ಉದ್ದ ಕೂದಲು ಹೆಣೆದು ಹೊಲಿದಿದ್ದಾರೆ."

"ಯಾವುದೋ ಬಡ ಸೀಟಿನವನು, ದಾರ ಮುಗಿದಿರಬೇಕು."

"ಆ ಅಜ್ಜಿ ಬೇಡ ಅಂದಿದ್ರು ತಾನೆ? ನೀವೇ ಹೇಳಿದ್ರಲ್ಲ. ಮೇಲಿಂದ ಹೊಸ ಚರ್ಮ ಹೊದಿಸಿ ಹೊಲಿದುಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ."

ಅಲ್ಲಿಗೆ ತುಕ್ಕಣ್ಣನಿಗೆ ಪಿತ್ತ ನೆತ್ತಿಗೇರಿತು. ಮೇಲಿಂದ ಹೊದಿಸುವುದು ಅವನ ಕಸುಬಿನಲ್ಲಿ ಬೈಗುಳ. ಹಳೆ ತುಕ್ಕಿನ ಮೇಲೆ ಬಣ್ಣ ಬಳಿದು ಕೊಡುವವರನ್ನು ಅವನು ಕಳ್ಳರ ಸಾಲಿಗೆ ಸೇರಿಸಿದ್ದ. "ನಾನು ಬಿಚ್ಚದೆ ಬಿಟ್ಟಿರೋ ಒಂದು ನಟ್ಟು ತೋರಿಸು ನೋಡೋಣ. ತುಕ್ಕು ಕೂತಿರೋದೇ ಬಿಚ್ಚದ ಜಾಗದಲ್ಲಿ. ನೀನು ಬಿಚ್ತೀಯೋ, ನಾನು ಬ್ಲೇಡು ಹಾಕಲೋ?"

ಅವನು ಬ್ಲೇಡು ಹಾಕಿದರೆ ಚರ್ಮದ ಗತಿ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ತುಟಿ ಕಚ್ಚಿಕೊಂಡು ಒಂದೊಂದೇ ಹೊಲಿಗೆ ಕಿತ್ತಳು. ಕಿತ್ತ ಪ್ರತಿ ಕೂದಲೂ ಎಣ್ಣೆ ಹಚ್ಚಿದಂತೆ ಮಿಂಚುತ್ತಿತ್ತು. ಒಳಗೆ ನಾರಿನ ನಡುವೆ ಒಂದು ಚರ್ಮದ ಕೈಗವಸು. ಐದೂ ಬೆರಳುಗಳ ಬಾಯಿಯನ್ನು ಕಪ್ಪು ದಾರದಲ್ಲಿ ಹೊಲಿದಿತ್ತು. ಅಲುಗಿಸಿದರೆ ಒಳಗೆ ಏನೋ ಕಟಕಟ ಎನ್ನುತ್ತಿತ್ತು. ಮೂಳೆ ಚೂರೋ, ಮೊಳೆಯೋ. ಹೆಂಡತಿ ಅದನ್ನು ಮತ್ತೆ ಒಳಗಿಡಲು ಹೋದಳು. ತುಕ್ಕಣ್ಣ ಕಸಿದುಕೊಂಡು, ಎಣ್ಣೆ ಬಟ್ಟೆ ಸುಡುವ ಡ್ರಮ್ಮಿನ ಬೆಂಕಿಗೆ ಎಸೆದ. "ಹೋಗಿ ಬಾ ತಂದೆ" ಎಂದು ಕೈ ಮುಗಿದು ಅಣಕಿಸಿದ.

ಬೆಂಕಿ ಹಸಿರಾಗಿ ಎದ್ದಿತು. ಬೆಂಕಿಯೊಳಗೆ ಕೈಗವಸಿನ ಒಂದು ಬೆರಳು, ಹೊಲಿಗೆ ಸುಟ್ಟು ಸಡಿಲವಾಗಿ, ನೆಟ್ಟಗೆ ಮೇಲಕ್ಕೆ ನಿಂತಿತು. ಚರ್ಮ ಸುಟ್ಟರೆ ಹಾಗಾಗುತ್ತದೆ, ಸೆಟೆದುಕೊಳ್ಳುತ್ತದೆ ಎಂದು ತುಕ್ಕಣ್ಣ ಹೇಳಿದ. ಹೆಂಡತಿ ಅಂದು ಊಟ ಮಾಡಲಿಲ್ಲ.

ಹೊಸ ಸೀಟು ಹೊಲಿದು ಕೂರಿಸಿದ್ದು ಒಂದು ಮಧ್ಯಾಹ್ನ. ಶಟರು ಅರ್ಧ ಎತ್ತಿತ್ತು. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಬೀದಿಯಲ್ಲಿ ಯಾರೋ ಸೈಕಲ್ ಬೆಲ್ಲು ಬಾರಿಸುತ್ತಿದ್ದರು. ತುಕ್ಕಣ್ಣ ಕೈ ತೊಳೆದು, ತಲೆ ಬಾಚಿಕೊಂಡು ಬಂದು ಕೂತ. ಸೀಟು ಅವನ ಬೆನ್ನನ್ನು ತಬ್ಬಿಕೊಂಡಿತು. "ಏನ್ ಕೈ ಕಣೇ ನಿಂದು" ಎಂದು ಹೆಂಡತಿಯನ್ನು ಹೊಗಳಿದ. ಅದು ಅಪರೂಪದ ಮಾತು. ಅವಳಿಗೆ ನಾಚಿಕೆಯಾಯಿತು.

ಕೀಲಿ ತಿರುಗಿಸಿದ. ಇಂಜಿನ್ನು ಒಮ್ಮೆ ಕೆಮ್ಮಿ, ಎರಡು ಸಲ ಕೆಮ್ಮಿ, ಗುಡುಗಿತು. ಗೋಡೆಗೆ ನೇತುಹಾಕಿದ ಸ್ಪ್ಯಾನರುಗಳೆಲ್ಲ ಝಣಝಣ ಕುಣಿದವು. ಸಂತೋಷಕ್ಕೆ ತುಕ್ಕಣ್ಣನ ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು ಕೀಲಿ ತೆಗೆದ.

ಸದ್ದು ನಿಲ್ಲಲಿಲ್ಲ.

"ಇದೇನೇ, ಇಂಜಿನ್ನು ನಿಲ್ತಿಲ್ಲ" ಎಂದ.

"ನಿಂತಿದೆಯಲ್ಲ ರೀ" ಎಂದಳು ಹೆಂಡತಿ. ಅವಳ ದನಿ ಎಲ್ಲೋ ದೂರದಿಂದ ಬಂದಂತಿತ್ತು. ಅವನ ಕಿವಿಯಲ್ಲಿ ಇಂಜಿನ್ನು ಇನ್ನೂ ಕೂಗುತ್ತಿತ್ತು, ಇನ್ನೂ ಏರುತ್ತಿತ್ತು. ಬಿಸಿಲು ಆರಿತು. ಶಟರಿನಾಚೆ ಬೀದಿಯಿರಲಿಲ್ಲ. ಕತ್ತಲು. ಕತ್ತಲಿನೊಳಗೆ ಮಂಜು. ಮಂಜಿನೊಳಗೆ ಓಡಿ ಬರುವ ಒದ್ದೆ ರಸ್ತೆ. ಮೂಗಿನ ತುಂಬ ಸುಟ್ಟ ಹರಳೆಣ್ಣೆ. ತಿರುವು ಬಂತು. ಕೈ ತಾನಾಗಿ ಸ್ಟೀರಿಂಗು ತಿರುಗಿಸಿತು. ಇಳಿಯಬೇಕೆಂದು ಬಾಗಿಲಿಗೆ ಕೈ ಚಾಚಿದರೆ ಗಾಡಿ ರಸ್ತೆ ಬಿಟ್ಟು ಜಾರಿತು, ಎದೆಯೊಳಗೆ ಯಾರೋ ಹಿಂಡಿದಂತಾಯಿತು. ಮತ್ತೆ ಸ್ಟೀರಿಂಗು ಹಿಡಿದ. ಎದೆ ಸಡಿಲಾಯಿತು.

"ನನ್ನ ಎಳಿ" ಎಂದು ಕೂಗಿದ. "ಹೊರಗೆ ಎಳಿಯೇ."

ಅವಳು ಕಂಕುಳಿಗೆ ಕೈ ಹಾಕಿ ಎಳೆದಳು. ಅವನು ಸೀಟಿನಿಂದ ಒಂದು ಎಳೆಯಷ್ಟೂ ಮೇಲೇಳಲಿಲ್ಲ. ಸೀಟಿನ ಬೋಲ್ಟು ಬಿಚ್ಚಿದಳು. ಸೀಟು ಅಲುಗಲಿಲ್ಲ. ಕೊನೆಗೆ ತಾನೇ ಹೊಲಿದ ಚರ್ಮಕ್ಕೆ ಬ್ಲೇಡು ಹಚ್ಚಿದಳು. ತುಕ್ಕಣ್ಣ ಕಿರುಚಿದ. ಸೀಟಿನ ಬೆನ್ನು ಸೀಳಿದಲ್ಲೇ ಅವನ ಬೆನ್ನೂ ಸೀಳಿತ್ತು. ಅಂಗಿ ಒದ್ದೆಯಾಗಿ ರಕ್ತ ಸೊಂಟಕ್ಕೆ ಇಳಿಯುತ್ತಿತ್ತು. ಬ್ಲೇಡು ಅವಳ ಕೈಯಿಂದ ಬಿತ್ತು.

ಸುತ್ತು ಮುಗಿಯುವಲ್ಲಿ ಒಂದು ಗಿಡ್ಡ ಗೋಡೆ ಬರುತ್ತಿತ್ತು. ಗೋಡೆಯ ಬಳಿ ಒಬ್ಬ ನಿಂತಿರುತ್ತಿದ್ದ. ಮಂಜಿನಲ್ಲಿ ಮುಖ ಕಾಣುತ್ತಿರಲಿಲ್ಲ. ಎತ್ತಿದ ಒಂದು ಬೆರಳು ಮಾತ್ರ ಕಾಣುತ್ತಿತ್ತು.

ಹೆಂಡತಿ ಓಡಿಹೋಗಿ ಅಜ್ಜಿಯನ್ನು ಕರೆತರುವಷ್ಟರಲ್ಲಿ ಅವನ ಅಂಗೈ ಬೊಬ್ಬೆ ಎದ್ದು ಒಡೆದಿತ್ತು. ಕಣ್ಣು ಕೆಂಡದಂತೆ ಉರಿಯುತ್ತಿತ್ತು. ರೆಪ್ಪೆ ಮುಚ್ಚಿದರೆ ಗಾಡಿ ಜಾರುತ್ತಿತ್ತು, ಎದೆ ಹಿಂಡುತ್ತಿತ್ತು. ನಿಂತ ಕಾರಿನಲ್ಲಿ ಒಬ್ಬ ಗಂಡಸು ಬೆವರು ಸುರಿಸುತ್ತ ಸ್ಟೀರಿಂಗು ತಿರುಗಿಸುವುದನ್ನು ಅಜ್ಜಿ ಒಂದು ಸಲ ನೋಡಿ, ಹೆಂಡತಿ ಇಟ್ಟ ಸ್ಟೂಲಿನ ಮೇಲೆ ಕುಸಿದಳು. "ಕೈಗವಸು ಎಲ್ಲಿ?" ಎಂದು ಕೇಳಿದಳು. ಹೆಂಡತಿ ಡ್ರಮ್ಮಿನ ಬೂದಿ ತೋರಿಸಿದಳು.

"ಹಾಗಿದ್ರೆ ಮುಗೀತು."

"ಏನಾದ್ರೂ ಮಾಡಿ ಅಜ್ಜಿ. ಯಾರು ಮಾಡಿಸಿದ್ದು, ಅವರ ಕಾಲು ಹಿಡೀತೀನಿ."

"ಹಿಡಿ ಮತ್ತೆ. ನಾನೇ ಮಾಡಿಸಿದ್ದು."

ಇಂಜಿನ್ನಿನ ಗುಡುಗಿನ ನಡುವೆಯೂ ತುಕ್ಕಣ್ಣನಿಗೆ ಆ ಮಾತು ಸ್ಪಷ್ಟವಾಗಿ ಕೇಳಿಸಿತು.

"ನನ್ನ ಮಗ ಕಾದ ಹಾಗೆ ಅವನೂ ಕಾಯಲಿ, ಅವನ ಪಾಳಿಗೂ ಯಾರೂ ಬರದೇ ಇರಲಿ ಅಂತ ಮಾಡಿಸಿದೆ. ಬದಲಿಗೆ ಯಾರಿದ್ರು ಅಂತ ನನ್ನ ದೊಡ್ಡ ಮಗನ್ನ ಕೇಳಿದ್ದೆ. ಗೊತ್ತಿಲ್ಲಮ್ಮ ಅಂದ. ಯಾರಾದ್ರೇನು, ಮಾಟಕ್ಕೆ ಗೊತ್ತಾಗುತ್ತಲ್ಲ ಅಂದ್ಕೊಂಡೆ." ಅಜ್ಜಿ ಸೆರಗನ್ನು ಮತ್ತೆ ಮೂಗಿಗೆ ಒತ್ತಿಕೊಂಡಳು. "ಗೊತ್ತಾಯ್ತು. ನನ್ನ ದೊಡ್ಡ ಮಗನೇ ಬಂದು ಸೀಟಲ್ಲಿ ಕೂತ. ಗೋಡೆ ಹತ್ತಿರ ನಿಂತಿದ್ದೋನು ಅವನೇ."

"ನೀವು ಬಿಡಿಸಲಿಲ್ವಾ?"

"ಅವನ ಮಡಿಲ ಮೇಲೇ ಕೂತೆ ತಾಯಿ. ನನ್ನನ್ನ ತಗೊಳ್ಳಲಿಲ್ಲ. ಮಾಡಿಸಿದೋರನ್ನ ಅದು ಮುಟ್ಟಲ್ಲ. ಅವನು ಹೋದ ಮೇಲೆ ಮಂತ್ರವಾದಿ ಹತ್ರ ಮತ್ತೆ ಹೋದೆ. ಬಿಡಿಸೋಕಾಗಲ್ಲ, ಕಟ್ಟಿ ಮುಚ್ಚಬಹುದು ಅಂದ. ಆ ಕೈಗವಸಲ್ಲಿ ಕಟ್ಟಿ, ಸೀಟನ್ನ ನನ್ನ ಕೂದಲಲ್ಲೇ ಹೊಲಿದ. ಆ ಪುಣ್ಯಾತ್ಮನೂ ಸತ್ತು ಎಷ್ಟೋ ಕಾಲ ಆಯ್ತು."

"ಬೇರೆ ದಾರಿ?"

ಅಜ್ಜಿ ನೆಲ ನೋಡಿದಳು. ಹೇಳಲೋ ಬೇಡವೋ ಎಂದು ಅಳೆಯುತ್ತಿದ್ದಳು. "ರೇಸಲ್ಲಿ ಪಾಳಿಗೆ ಬಂದೋನು ಬಾಗಿಲ ಮೇಲೆ ಎರಡು ಸಲ ತಟ್ತಾನೆ. ಇಳಿ, ನಾನು ಬಂದೆ ಅಂತ. ತಾನಾಗಿ ಮನಸ್ಸು ಮಾಡಿ ಬಂದು ಯಾರಾದ್ರೂ ತಟ್ಟಿದ್ರೆ ಕೂತೋನನ್ನ ಬಿಡುತ್ತೆ. ತಟ್ಟಿದೋನನ್ನ ಹಿಡ್ಕೊಳ್ಳುತ್ತೆ."

ಹೆಂಡತಿ ಕೈ ಕಟ್ಟಿಕೊಂಡು ನಿಂತು ಯೋಚಿಸಿದಳು. ಹೊಲಿಗೆಯ ಲೆಕ್ಕ ಹಾಕುವಾಗಲೂ ಅವಳು ಹೀಗೇ ನಿಲ್ಲುತ್ತಿದ್ದಳು. ಆಮೇಲೆ ಬಂದು ಅವನ ಮುಖದ ಬೆವರನ್ನು ಸೆರಗಿನಿಂದ ಒರೆಸಿದಳು.

"ರೀ, ಕೇಳಿಸ್ತಿದೆಯಾ? ಪಾಳಿ ಹಾಕೋಣ. ಸ್ವಲ್ಪ ಹೊತ್ತು ನಾನು ಕೂರ್ತೀನಿ. ನೀವು ಊಟ ಮಾಡಿ, ಒಂದು ಕಣ್ಣು ನಿದ್ದೆ ತೆಗೆದು ಬನ್ನಿ. ಆಮೇಲೆ ನೀವು ಕೂತ್ಕೊಳ್ಳಿ, ನಾನು ಬಿಡಿಸೋರನ್ನ ಹುಡುಕ್ತೀನಿ. ಹೀಗೇ ಮಾಡ್ತಾ ಇದ್ರೆ ಇಬ್ಬರೂ ಸಾಯಲ್ಲ."

"ಬೇಡ ಕಣೇ" ಎಂದ ತುಕ್ಕಣ್ಣ. ಬಾಯಿ ಹೇಳಿದ್ದು ಅಷ್ಟು. ಒಳಗೆ ಜೀವವೆಲ್ಲ ತಟ್ಟು, ತಟ್ಟು, ಬೇಗ ತಟ್ಟು ಎಂದು ಅಂಗಲಾಚುತ್ತಿತ್ತು.

"ನೀವು ಬರ್ತೀರಲ್ಲ, ನನಗೇನು ಭಯ?" ಎಂದಳು ಅವಳು. ಕಲ್ಲಾದ ಬೆರಳುಗಳಿಂದ ಬಾಗಿಲ ಮೇಲೆ ಎರಡು ಸಲ ತಟ್ಟಿದಳು.

ಹಗಲು ಬಂತು. ಸೈಕಲ್ ಬೆಲ್ಲು ಬಂತು. ತುಕ್ಕಣ್ಣ ನೆಲಕ್ಕೆ ಉರುಳಿಬಿದ್ದ, ಕಿತ್ತು ಬಂದ ಬೆನ್ನಿನ ಚರ್ಮವನ್ನು ಸೀಟಿಗೇ ಬಿಟ್ಟು. ತಲೆ ಎತ್ತುವಷ್ಟರಲ್ಲಿ ಅವಳು ಒಳಗೆ ಕೂತಿದ್ದಳು. ಜೀವಮಾನದಲ್ಲಿ ಸ್ಟೀರಿಂಗು ಮುಟ್ಟದವಳ ಕೈಗಳು ಪಳಗಿದವರಂತೆ ಅದನ್ನು ತಿರುಗಿಸುತ್ತಿದ್ದವು.

ಅವನು ಮೆಟ್ಟಿಲು ಹತ್ತಿ, ಕೊಡದಿಂದಲೇ ನೀರು ಕುಡಿದ. ಪಾತ್ರೆಯಲ್ಲಿ ಅವಳು ಮಾಡಿಟ್ಟಿದ್ದ ಅನ್ನವಿತ್ತು. ನಿಂತೇ ತಿಂದ. ಅಡುಗೆಮನೆಯ ನೆಲದ ಮೇಲೆ ಒರಗಿದ್ದಷ್ಟೇ ಗೊತ್ತು, ಸತ್ತವನ ಹಾಗೆ ಮಲಗಿದ. ಎಚ್ಚರವಾದಾಗ ಕಿಟಕಿಯಲ್ಲಿ ಬೆಳಗಿನ ಎಳೆ ಬಿಸಿಲಿತ್ತು. ಕೆಳಗಿನಿಂದ ಅವಳು ಕರೆಯುತ್ತಿದ್ದಳು.

"ರೀ, ಎದ್ರಾ? ಕಣ್ಣು ಬಹಳ ಉರೀತಿದೆ."

ಹಾಳಾದವನೇ, ಎಷ್ಟು ಹೊತ್ತು ಮಲಗಿದೆ ಎಂದು ತನ್ನನ್ನೇ ಬೈದುಕೊಂಡು ದಡದಡ ಇಳಿದ. ಅಜ್ಜಿ ಸ್ಟೂಲಿನ ಮೇಲೇ ಕೂತಿದ್ದಳು, ಹಿಂದಿನ ದಿನದಿಂದ ಅಲ್ಲಾಡಿರಲಿಲ್ಲ. ಕಾರಿನ ಬಳಿ ಹೋದ. ಹೆಂಡತಿಯ ಅಂಗೈಯ ರಕ್ತ ಸ್ಟೀರಿಂಗಿನ ಮೇಲೆ ಒಣಗಿ ಕಪ್ಪಾಗಿತ್ತು. ಮುಖ ಒಂದೇ ರಾತ್ರಿಗೆ ಬತ್ತಿ ಕೆನ್ನೆ ಮೂಳೆ ಎದ್ದಿದ್ದವು. ತಟ್ಟಲೆಂದು ಕೈ ಎತ್ತಿದ.

ಹರಳೆಣ್ಣೆಯ ವಾಸನೆ ಮೂಗಿಗೆ ಬಂತು.

ಆ ಕತ್ತಲು, ಆ ಜಾರು ರಸ್ತೆ, ಎದೆಯೊಳಗಿನ ಆ ಹಿಡಿತ. ಮೈಗೆ ಎಲ್ಲ ನೆನಪಿತ್ತು. ಇನ್ನೊಂದು ಗಳಿಗೆ. ಒಂದೇ ಒಂದು ಗಳಿಗೆ. ಉಸಿರು ತಗೊಂಡು ತಟ್ಟುತ್ತೇನೆ.

"ಬಂದ್ರಾ?" ಎಂದಳು ಅವಳು, ರಸ್ತೆಯಿಂದ ಕಣ್ಣು ಕೀಳದೆ.

"ಬಂದೆ. ಮಂತ್ರವಾದಿಗೆ ಶಿಷ್ಯ ಗಿಷ್ಯ ಇದ್ದಾನೇನೋ, ವಿಚಾರಿಸಿ ಬಂದುಬಿಡ್ತೀನಿ. ಅಲ್ಲೀತನಕ ತಡ್ಕೋ."

"ಆಯ್ತು. ಬೇಗ ಬನ್ನಿ."

ಅವನು ಬೀದಿಗೆ ಹೋದ. ಯಾರನ್ನೂ ವಿಚಾರಿಸಲಿಲ್ಲ. ಯಾರನ್ನಂತ ವಿಚಾರಿಸುವುದು? ಬೀದಿ ಕೊನೆಯವರೆಗೆ ನಡೆದು, ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಮೇಲೆ ಕೂತು, ಬಿಸಿಲಿಗೆ ಬೆನ್ನು ಕೊಟ್ಟ. ಬಿಸಿಲು ಎಷ್ಟು ಹಿತವಾಗಿತ್ತು! ಈ ಹಿತಕ್ಕೆ ಅವನಿಗೇ ಹೇಸಿಗೆಯಾಯಿತು, ಆದರೂ ಏಳಲಿಲ್ಲ. ಎದ್ದು ಬರುವಾಗ ಇನ್ನು ತಟ್ಟಿಯೇ ತಟ್ಟುತ್ತೇನೆಂದು ಹೆಜ್ಜೆಗೊಂದು ಆಣೆ ಹಾಕಿಕೊಂಡ.

ಗ್ಯಾರೇಜಿನೊಳಗೆ ಅವಳ ಉಸಿರು ಗರಗಸದಂತೆ ಎಳೆಯುತ್ತಿತ್ತು.

"ರೀ. ಸಿಕ್ಕಿದ್ರಾ?"

"ಇಲ್ಲ."

"ಹೋಗ್ಲಿ ಬಿಡಿ. ತಟ್ಟಿ. ಸ್ವಲ್ಪ ಮಲಗಿ ಎದ್ದು ನಾನು ನೋಡ್ತೀನಿ." ತಿರುವಿನಲ್ಲಿ ಅವಳ ಮೈ ವಾಲಿತು. "ಗೋಡೆ ಹತ್ರ ಯಾರೋ ನಿಂತಿರ್ತಾನೆ ರೀ. ಬೆರಳು ತೋರಿಸ್ತಾನೆ. ಮುಖ ಕಾಣಲ್ಲ."

ತುಕ್ಕಣ್ಣ ಕೈ ಎತ್ತಿದ. ಬಾಗಿಲಿಗೂ ಅಂಗೈಗೂ ನಡುವೆ ಒಂದು ಗೇಣು. ಇಳಿಸಿದರಾಯಿತು. ಇಳಿಸು. ಇಳಿಸೋ. ಅಂಗೈ ಮಡಚಿಕೊಂಡಿತು. ಒಂದು ಬೆರಳು ಮಾತ್ರ ಮಡಚಲಿಲ್ಲ.

"ಇನ್ನೊಂದು ಸುತ್ತು" ಎಂದ. ದನಿ ಅವನದೇ. "ಇನ್ನೊಂದೇ ಸುತ್ತು ಕಣೇ."

"ಆಯ್ತು ರೀ" ಎಂದಳು ಅವಳು. "ನೀವು ಸುಧಾರಿಸ್ಕೊಳ್ಳಿ."

ಅಜ್ಜಿ ಸ್ಟೂಲಿನಿಂದ ಎದ್ದಳು. ಅವನನ್ನು ಬೈಯಲಿಲ್ಲ, ಶಪಿಸಲೂ ಇಲ್ಲ. ಗೋಡೆ ಹಿಡಿದುಕೊಂಡು ಶಟರಿನವರೆಗೆ ಹೋಗಿ, ಬಗ್ಗಿ ಹೊರಗೆ ದಾಟಿದಳು. ಅವಳಿಗೆ ಇದೆಲ್ಲ ಎಲ್ಲಿಗೆ ಮುಗಿಯುತ್ತದೆಂದು ಗೊತ್ತಿತ್ತು.

ಸ್ಟೀರಿಂಗು ತಿರುಗಿತು. ಉದ್ದ ರಸ್ತೆ. ತಿರುವು. ಮತ್ತೆ ತಿರುವು. ಹೆಂಡತಿಯ ರೆಪ್ಪೆ ಜೋಲುತ್ತಿತ್ತು, ಬೆಚ್ಚಿ ತೆರೆಯುತ್ತಿತ್ತು. ಗೋಡೆ ಬರುವ ಜಾಗ ತುಕ್ಕಣ್ಣನಿಗೆ ಗೊತ್ತಿತ್ತು. ಗೇರು ಇಳಿಸಿದಳೆಂದರೆ ಅದೇ. ಇಳಿಸಿದಳು. ಈ ಸಲ ಅವಳು ತಲೆ ಹೊರಳಿಸಿ, ನೇರ ಅವನು ನಿಂತ ಕಡೆಗೇ ನೋಡಿದಳು. ಕಣ್ಣು ಕಿರಿದು ಮಾಡಿ, ಮಂಜಿನೊಳಗೆ ಹುಡುಕುವವಳಂತೆ ನೋಡಿದಳು.

"ಈಗ ಮುಖ ಕಾಣಿಸ್ತು ರೀ" ಎಂದಳು.

ದನಿಯಲ್ಲಿ ಸಿಟ್ಟಿರಲಿಲ್ಲ. ಮುಂದಕ್ಕೆ ತಿರುಗಿ, ಗೇರು ಏರಿಸಿದಳು. ಆಮೇಲೆ ಅವಳು ಅವನನ್ನು ಕರೆಯಲಿಲ್ಲ.